ಚಿಕ್ಕವರ ಪಕ್ಷ ವಹಿಸಿದ ಕಂಡಕ್ಟರ್

1958ರ ಜನವರಿ 18, ಶನಿವಾರ. ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್ ತುಂಬಾ ಮಕ್ಕಳು. ವೇದಿಕೆ ಮೇಲೆ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್, 1842ರಲ್ಲಿ ಶುರುವಾದ ಆರ್ಕೆಸ್ಟ್ರಾ. ಕಂಡಕ್ಟರ್ ಬಂದವರೇ ಭಾಷಣ ಗೀಷಣ ಏನೂ ಮಾಡದೆ ನೇರವಾಗಿ ಸಂಗೀತ ಶುರು ಮಾಡಿದರು. ಕುದುರೆ ನಾಗಾಲೋಟದಲ್ಲಿ ಓಡುವ ಹಾಗಿರುವ ಸಂಗೀತ. ಸ್ವಲ್ಪ ಹೊತ್ತಿಗೆ ನಿಲ್ಲಿಸಿ ಮಕ್ಕಳ ಕಡೆ ತಿರುಗಿದರು. ಈ ಸಂಗೀತ ಯಾವುದರ ಬಗ್ಗೆ ಇದೆ, ಹೇಳಿ ನೋಡೋಣ ಅಂದರು.

ಹಾಲ್‌ಗೆ ಹಾಲೇ ಕೂಗಿತು. ಆಗ ಅಮೆರಿಕದ ಮಕ್ಕಳಿಗೆ ಲೋನ್ ರೇಂಜರ್ ಅಂದರೆ ಪ್ರಾಣ. ಮುಖಕ್ಕೆ ಕಪ್ಪು ಪಟ್ಟಿ ಕಟ್ಟಿ, ಬಿಳಿ ಕುದುರೆ ಏರಿ ಬರುವ ಕೌಬಾಯ್. ರೇಡಿಯೋದಲ್ಲಿ, ಟೀವಿಯಲ್ಲಿ ಅವನು ಬರುವಾಗ ಹಾಕುತ್ತಿದ್ದದ್ದು ಇದೇ ಸಂಗೀತ. ಕಂಡಕ್ಟರ್ ನಕ್ಕರು. ನನ್ನ ಐದು ವರ್ಷದ ಮಗಳೂ ಇದನ್ನೇ ಹೇಳಿದಳು ಅಂದರು. ಆಮೇಲೆ ನಿಧಾನವಾಗಿ, ಬೇಜಾರಾಗಬೇಡಿ, ಇದು ಕೌಬಾಯ್ ಬಗ್ಗೆ ಅಲ್ಲವೇ ಅಲ್ಲ, ಇದು ಸ್ವರಗಳ ಬಗ್ಗೆ ಅಂದರು. ಇದನ್ನು ಬರೆದದ್ದು ಇಟಲಿಯ ರೊಸ್ಸೀನಿ, 1829ರಲ್ಲಿ. ಅಮೆರಿಕದ ಕೌಬಾಯ್ ಅವರಿಗೆ ಎಲ್ಲಿ ಗೊತ್ತಿತ್ತು?

ಆ ಕಂಡಕ್ಟರ್ ಲೆನರ್ಡ್ ಬರ್ನ್‌ಸ್ಟೈನ್. ಇವತ್ತು ನಾನು ಅವರ ಬಗ್ಗೆಯೇ ಮಾತಾಡುವುದು. ಅವರು ಸಂಗೀತ ಬರೆದರು, ಪಿಯಾನೋ ನುಡಿಸಿದರು, 1957ರಲ್ಲಿ ಬ್ರಾಡ್‌ವೇಯಲ್ಲಿ ಅವರ 'ವೆಸ್ಟ್ ಸೈಡ್ ಸ್ಟೋರಿ' ನಾಟಕ ಶುರುವಾಗಿ ಮನೆಮಾತಾಯಿತು. ಅದೆಲ್ಲ ಒಂದು ಕಡೆ ಇರಲಿ. ನನಗೆ ಬೇಕಾದದ್ದು ಅವರು ಬದುಕಿನುದ್ದಕ್ಕೂ ಬಿಡದೆ ಮಾಡಿದ ಎರಡು ಕೆಲಸ. ತಮ್ಮ ದೇಶದ ಸಂಗೀತವನ್ನು ವೇದಿಕೆಗೆ ತಂದದ್ದು ಒಂದು, ಮಕ್ಕಳಿಗೆ, ಹುಡುಗರಿಗೆ ಸಂಗೀತ ಕೊಟ್ಟದ್ದು ಇನ್ನೊಂದು. ಇವನ್ನು ಬೇರೆ ಬೇರೆ ಅಧ್ಯಾಯ ಮಾಡಿ ಬರೆಯುವವರೇ ಜಾಸ್ತಿ. ನನಗೆ ಮಾತ್ರ ಇವೆರಡೂ ಒಂದೇ ಕೆಲಸ ಅನ್ನಿಸುತ್ತದೆ. ಯಾಕೆ ಅಂದರೆ, ಮಕ್ಕಳ ಬಗ್ಗೆ ದೊಡ್ಡವರು ಏನು ಹೇಳುತ್ತಿದ್ದರೋ ಅಮೆರಿಕದ ಸಂಗೀತದ ಬಗ್ಗೆ ಯುರೋಪು ಅದನ್ನೇ ಹೇಳುತ್ತಿತ್ತು. ಇನ್ನೂ ಚಿಕ್ಕದು, ಬೆಳೆಯಲಿ, ಆಮೇಲೆ ನೋಡೋಣ. ಅಮೆರಿಕದವರೂ ಅದನ್ನು ನಂಬಿಕೊಂಡಿದ್ದರು. ಬರ್ನ್‌ಸ್ಟೈನ್ ಎರಡು ಕಡೆಯೂ ಚಿಕ್ಕವರ ಪಕ್ಷ ವಹಿಸಿದರು.

ಮುಂದೆ ಹೋಗುವ ಮೊದಲು ಒಂದು ಮಾತು. ನಾನು ಆರ್ಕೆಸ್ಟ್ರಾ ಅನ್ನುತ್ತಿರುವುದು ಸಿನಿಮಾ ಹಾಡು ಹಾಡುವ ತಂಡವನ್ನಲ್ಲ. ಪಿಟೀಲು, ಚೆಲ್ಲೋ, ಕೊಳಲು, ಹಾರ್ನ್, ಟ್ರಂಪೆಟ್, ಡೋಲು ಎಲ್ಲ ಸೇರಿ ಸುಮಾರು ನೂರು ಜನ ಕೂತು, ಬರೆದಿಟ್ಟ ಸಂಗೀತವನ್ನು ನುಡಿಸುವ ತಂಡ. ಅದರ ಮುಂದೆ ನಿಲ್ಲುವ ಕಂಡಕ್ಟರ್ ಏನೂ ನುಡಿಸುವುದಿಲ್ಲ. ಸುಮ್ನೆ ಕೈ ಆಡಿಸುತ್ತಾರೆ ಅಂತ ಅನ್ನಿಸುತ್ತದೆ, ಅಲ್ವಾ? ಆದರೆ ನೂರು ಜನ ಯಾವ ಕ್ಷಣಕ್ಕೆ ಎತ್ತಿಕೊಳ್ಳಬೇಕು, ಎಷ್ಟು ವೇಗ, ಯಾರ ದನಿ ಮುಂದೆ, ಯಾರದು ಹಿಂದೆ, ಇದೆಲ್ಲ ಆ ಕೈಯಲ್ಲಿದೆ. ಅದಕ್ಕಿಂತ ದೊಡ್ಡ ಅಧಿಕಾರ ಇನ್ನೊಂದಿದೆ. ಈ ವರ್ಷ ಯಾವ ಸಂಗೀತ ನುಡಿಸಬೇಕು, ಯಾವುದು ಬೇಡ ಅಂತ ಆರಿಸುವುದರಲ್ಲೂ ಅವರ ಮಾತೇ ನಡೆಯುತ್ತದೆ. ಒಬ್ಬ ಸಂಗೀತಗಾರ ಬರೆದದ್ದು ಜನರ ಕಿವಿಗೆ ಬೀಳುತ್ತದೋ ಪೆಟ್ಟಿಗೆಯಲ್ಲೇ ಉಳಿಯುತ್ತದೋ ಅನ್ನುವುದು ಆ ಆಯ್ಕೆಯ ಮೇಲೆ ನಿಂತಿದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬರ್ನ್‌ಸ್ಟೈನ್ ಹುಟ್ಟಿದ್ದು 1918ರ ಆಗಸ್ಟ್ 25ರಂದು, ಮ್ಯಾಸಚೂಸೆಟ್ಸ್ ರಾಜ್ಯದ ಲಾರೆನ್ಸ್ ಊರಲ್ಲಿ. ಅಪ್ಪ ಸ್ಯಾಮ್ಯುಯೆಲ್, ಈಗಿನ ಉಕ್ರೇನ್ ಕಡೆಯಿಂದ ಬಂದ ಯಹೂದಿ. ಬಂದಾಗ ಬರಿಗೈ. ಆಮೇಲೆ ಬ್ಯೂಟಿ ಪಾರ್ಲರ್‌ಗಳಿಗೆ ಸಾಮಾನು ಒದಗಿಸುವ ವ್ಯಾಪಾರದಲ್ಲಿ ಮೇಲೆ ಬಂದರು. ಮನೆಯಲ್ಲಿ ಸಂಗೀತ ಅಂತ ಏನೂ ಇರಲಿಲ್ಲ. ಹುಡುಗನಿಗೆ ಹತ್ತು ವರ್ಷ ಆಗಿದ್ದಾಗ ಕ್ಲಾರಾ ಅನ್ನುವ ಸೋದರತ್ತೆ ಬೇರೆ ಊರಿಗೆ ಹೊರಟರು, ಇಟ್ಟುಕೊಳ್ಳಲು ಜಾಗ ಇಲ್ಲ ಅಂತ ತಮ್ಮ ಹಳೇ ಪಿಯಾನೋವನ್ನು ಇವರ ಮನೆಗೆ ಸಾಗಿಸಿದರು. ಹುಡುಗ ಅದರ ಮೇಲೆ ಕೈಯಿಟ್ಟ, ಅಷ್ಟೇ. ಅಲ್ಲಿಂದ ಅವನನ್ನು ಎಬ್ಬಿಸುವುದೇ ಕಷ್ಟವಾಯಿತು.

ಅಪ್ಪನಿಗೆ ಇದು ಸುತರಾಂ ಇಷ್ಟವಿರಲಿಲ್ಲ. ಅವರು ಬಂದ ಕಡೆ ಸಂಗೀತಗಾರ ಅಂದರೆ ಮದುವೆ ಮನೆಗಳಲ್ಲಿ ಪಿಟೀಲು ನುಡಿಸಿ, ಊರಿಂದ ಊರಿಗೆ ಅಲೆದು, ಕೊಟ್ಟಷ್ಟು ತಿಂದು ಬದುಕುವವನು. ಇಷ್ಟು ದೂರ ಬಂದು ಕಷ್ಟಪಟ್ಟದ್ದು ಮಗ ಅಂಥವನಾಗಲಿ ಅಂತಲಾ? ಪಾಠದ ದುಡ್ಡು ಜಾಸ್ತಿಯಾದಾಗ ಅಪ್ಪ ಕೈ ಬಿಗಿ ಹಿಡಿದರು. ಆಗ ಹುಡುಗ ಒಂದು ಉಪಾಯ ಮಾಡಿದ. ತನಗೆ ಬಂದಷ್ಟನ್ನು ಅಕ್ಕಪಕ್ಕದ ಮನೆಯ ತನಗಿಂತ ಚಿಕ್ಕ ಮಕ್ಕಳಿಗೆ ಹೇಳಿಕೊಟ್ಟು, ಅವರಿಂದ ಬಂದ ಕಾಸಿನಲ್ಲಿ ತನ್ನ ಪಾಠದ ಫೀಸು ಕಟ್ಟಿದ. ಅಂದರೆ ಕಲಿಯುವುದೂ ಕಲಿಸುವುದೂ ಅವರಿಗೆ ಮೊದಲಿಂದಲೂ ಜೊತೆಯಲ್ಲೇ ಬಂತು. ಮುಂದೆ ಮಗನಿಗೆ ಹೆಸರು ಬಂದ ಮೇಲೆ ಯಾರೋ ಅಪ್ಪನನ್ನು ಕೇಳಿದರಂತೆ, ಯಾಕೆ ಸ್ವಾಮಿ ನೀವು ಪ್ರೋತ್ಸಾಹ ಕೊಡಲಿಲ್ಲ ಅಂತ. ಇವನು ಲೆನರ್ಡ್ ಬರ್ನ್‌ಸ್ಟೈನ್ ಆಗುತ್ತಾನೆ ಅಂತ ನನಗೇನು ಗೊತ್ತಿತ್ತು ಅಂದರಂತೆ ಅವರು. ನನಗೆ ಆ ಅಪ್ಪನ ಮೇಲೆ ಸಿಟ್ಟು ಬರುವುದಿಲ್ಲ. ಹಸಿವು ಕಂಡವರ ಭಯ ಅದು.

ಹಾರ್ವರ್ಡ್‌ನಲ್ಲಿ ಓದುವಾಗ, 1937ರ ನವೆಂಬರ್ 14ರಂದು, ಬರ್ನ್‌ಸ್ಟೈನ್ ನ್ಯೂಯಾರ್ಕ್‌ಗೆ ಒಂದು ನೃತ್ಯ ಕಾರ್ಯಕ್ರಮ ನೋಡಲು ಹೋದರು. ಪಕ್ಕದ ಕುರ್ಚಿಯಲ್ಲಿ ಒಬ್ಬರು ಕೂತಿದ್ದರು. ಅವರು ಅಮೆರಿಕದ ಸಂಗೀತಕಾರ ಆರನ್ ಕೋಪ್‌ಲ್ಯಾಂಡ್. ಈ ಹುಡುಗ ಯಾರ ಸಂಗೀತದ ಹುಚ್ಚು ಹಿಡಿಸಿಕೊಂಡಿದ್ದನೋ ಅದೇ ಕೋಪ್‌ಲ್ಯಾಂಡ್. ಅವತ್ತು ಅವರ ಹುಟ್ಟುಹಬ್ಬ. ರಾತ್ರಿ ಮನೆಯಲ್ಲಿ ಪಾರ್ಟಿ, ನೀನೂ ಬಾ ಅಂದರು. ಅಲ್ಲಿ ಹುಡುಗ ಪಿಯಾನೋ ಮುಂದೆ ಕೂತು ಕೋಪ್‌ಲ್ಯಾಂಡರದೇ ಒಂದು ಕಷ್ಟದ ಕೃತಿಯನ್ನು, ಕೇಳುವವರಿಗೂ ನುಡಿಸುವವರಿಗೂ ಸುಲಭವಾಗಿ ಒಲಿಯದ 'ಪಿಯಾನೋ ವೇರಿಯೇಷನ್ಸ್' ಅನ್ನು, ನೆನಪಿನಿಂದಲೇ ನುಡಿಸಿಬಿಟ್ಟ. ಆ ಸ್ನೇಹ 53 ವರ್ಷ ನಡೆಯಿತು. ಈ ಕೋಪ್‌ಲ್ಯಾಂಡ್ ನಮ್ಮ ಕತೆಯ ಕೊನೆಯಲ್ಲಿ ಮತ್ತೆ ಬರುತ್ತಾರೆ.

1939ರಲ್ಲಿ ಹಾರ್ವರ್ಡ್ ಮುಗಿಸುವಾಗ ಬರ್ನ್‌ಸ್ಟೈನ್ ಬರೆದ ಪ್ರಬಂಧದ ವಿಷಯವೇ ಅಮೆರಿಕದ ಸಂಗೀತ. ಬೇರೆ ಬೇರೆ ಜನಾಂಗಗಳ ಸಂಗೀತ ಅದರೊಳಗೆ ಹೇಗೆ ಬೆರೆತಿದೆ ಅನ್ನುವುದು. ಕಪ್ಪು ಜನರ ಸಂಗೀತ, ಅದರಲ್ಲೂ ಜಾಝ್, ಅಮೆರಿಕದವರೆಲ್ಲರಿಗೂ ಸೇರಿದ ಆಸ್ತಿ ಅಂತ ಆ 20 ವರ್ಷದ ಹುಡುಗ ವಾದ ಮಾಡಿದ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ದೊಡ್ಡವರು ಆಗ ಜಾಝ್ ಅಂದರೆ ಮೂಗು ಮುರಿಯುತ್ತಿದ್ದ ಕಾಲ.

ಮರು ವರ್ಷ, 1940ರಲ್ಲಿ, ಬಾಸ್ಟನ್ ಸಿಂಫನಿ ಅನ್ನುವ ಆರ್ಕೆಸ್ಟ್ರಾದ ಕಂಡಕ್ಟರ್ ಸರ್ಜ್ ಕುಸೆವಿಟ್ಸ್ಕಿ ಮ್ಯಾಸಚೂಸೆಟ್ಸ್‌ನ ಟ್ಯಾಂಗಲ್‌ವುಡ್‌ನಲ್ಲಿ ಬೇಸಿಗೆಯ ಸಂಗೀತ ಶಾಲೆ ತೆರೆದರು. ಮೊದಲ ಬ್ಯಾಚಿನಲ್ಲೇ ಬರ್ನ್‌ಸ್ಟೈನ್ ಇದ್ದರು. ಕುಸೆವಿಟ್ಸ್ಕಿ ರಷ್ಯಾದವರು. ಆದರೆ ಅಮೆರಿಕದಲ್ಲಿ ಹುಟ್ಟಿದವರಿಗಿಂತ ಜಾಸ್ತಿ ಅಮೆರಿಕದ ಸಂಗೀತವನ್ನು ನುಡಿಸಿದವರು ಅವರು. ಕೋಪ್‌ಲ್ಯಾಂಡ್, ರಾಯ್ ಹ್ಯಾರಿಸ್, ವಿಲಿಯಂ ಶೂಮನ್ ಎಲ್ಲರೂ ಅವರ ಬೆಂಬಲದಿಂದ ಮೇಲೆ ಬಂದವರೇ. ನಿಮ್ಮ ಕಾಲದ ಸಂಗೀತವನ್ನು ನೀವು ನುಡಿಸದಿದ್ದರೆ ಇನ್ಯಾರು ನುಡಿಸುತ್ತಾರೆ ಅನ್ನುವ ಪಾಠ ಬರ್ನ್‌ಸ್ಟೈನ್‌ಗೆ ಸಿಕ್ಕಿದ್ದು ಈ ಗುರುವಿನ ಕೈಯಲ್ಲಿ. ಶಿಷ್ಯನನ್ನು ಮುದ್ದಿನಿಂದ ಲೆನುಷ್ಕಾ ಅಂತ ಕರೆಯುತ್ತಿದ್ದರು. ಒಂದು ಸಲ ಮಾತ್ರ ಒಂದು ಸಲಹೆ ಕೊಟ್ಟರು: ಈ ಯಹೂದಿ ಹೆಸರು ಇಟ್ಟುಕೊಂಡು ಈ ದೇಶದಲ್ಲಿ ಮೇಲೆ ಬರುವುದು ಕಷ್ಟ, ಹೆಸರನ್ನು ಬರ್ನ್ಸ್ ಅಂತ ಬದಲಾಯಿಸಿಕೋ. ಕುಸೆವಿಟ್ಸ್ಕಿಯೂ ಯಹೂದಿ ಮನೆಯಲ್ಲೇ ಹುಟ್ಟಿದವರು, ಅನುಭವದ ಮಾತು. ಶಿಷ್ಯ ಒಪ್ಪಲಿಲ್ಲ. ಬರ್ನ್‌ಸ್ಟೈನ್ ಆಗಿಯೇ ಬಂದರೆ ಬರಲಿ, ಇಲ್ಲದಿದ್ದರೆ ಬೇಡ ಅಂದುಬಿಟ್ಟ. ಗುರು ಕೊಟ್ಟ ತೋಳಗುಂಡಿಗಳನ್ನು ಮಾತ್ರ ಕೊನೆಯವರೆಗೂ ಬಿಡಲಿಲ್ಲ. ಪ್ರತಿ ಕಚೇರಿಗೂ ವೇದಿಕೆ ಹತ್ತುವ ಮುಂಚೆ ಅವಕ್ಕೆ ಮುತ್ತಿಟ್ಟೇ ಹೋಗುತ್ತಿದ್ದರು.

ಇನ್ನು 1943ರ ನವೆಂಬರ್ 14. ತಾರೀಖು ನೋಡಿ, ಮತ್ತೆ ಅದೇ. ಆಗ ಬರ್ನ್‌ಸ್ಟೈನ್‌ಗೆ 25. ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್‌ನಲ್ಲಿ ಸಹಾಯಕ ಕಂಡಕ್ಟರ್. ಹೆಸರಿಗೆ ಹುದ್ದೆ ದೊಡ್ಡದು, ಕೆಲಸ ಅಂದರೆ ಹೊಸ ಕೃತಿಗಳನ್ನು ಓದುವುದು, ರಿಹರ್ಸಲ್‌ಗೆ ಬರುವುದು, ಯಾರಿಗಾದರೂ ಹುಷಾರು ತಪ್ಪಿದರೆ ಅಂತ ತಯಾರಾಗಿರುವುದು. ಯಾರಿಗೂ ಹುಷಾರು ತಪ್ಪುವುದಿಲ್ಲ ಅನ್ನುವುದೂ ಎಲ್ಲರಿಗೂ ಗೊತ್ತಿತ್ತು. ಹಿಂದಿನ ರಾತ್ರಿ ಅವರ ಹಾಡುಗಳನ್ನು ಒಬ್ಬ ಗಾಯಕಿ ಟೌನ್ ಹಾಲ್‌ನಲ್ಲಿ ಹಾಡಿದ್ದರು, ಆಮೇಲೆ ಬೆಳಗಿನ ಜಾವದವರೆಗೂ ಪಾರ್ಟಿ. ಕಣ್ಣು ಬಿಡುವ ಮೊದಲೇ ಫೋನ್ ಬಂತು. ಅತಿಥಿ ಕಂಡಕ್ಟರ್ ಬ್ರೂನೋ ವಾಲ್ಟರ್‌ಗೆ ಫ್ಲೂ. ಮಧ್ಯಾಹ್ನ ಮೂರಕ್ಕೆ ಕಚೇರಿ, ರೇಡಿಯೋದಲ್ಲಿ ದೇಶಕ್ಕೆಲ್ಲ ನೇರ ಪ್ರಸಾರ. ರಿಹರ್ಸಲ್‌ಗೆ ಸಮಯ ಇಲ್ಲ. ನೀನೇ ನಿಲ್ಲಬೇಕು.

ಹೋಗಿ ವಾಲ್ಟರ್‌ರನ್ನು ನೋಡಿದರು. ಅವರು ಕಂಬಳಿ ಹೊದ್ದು ಕೂತೇ, ಸ್ವರಲಿಪಿ ತೆರೆದು, ಎಲ್ಲಿ ಎಡವಬಹುದು ಅಂತ ತೋರಿಸಿಕೊಟ್ಟರು. ಮುಖ್ಯವಾಗಿ ರಿಚರ್ಡ್ ಸ್ಟ್ರೌಸ್‌ರ 'ಡಾನ್ ಕ್ವಿಕ್ಸೋಟ್'. ಅಲ್ಲಿಂದ ಕಾರ್ನೆಗಿ ಹಾಲ್ ಪಕ್ಕದ ಔಷಧಿ ಅಂಗಡಿಗೆ ಕಾಫಿಗೆ ಹೋದರು. ಹುಡುಗನ ಮುಖ ನೋಡಿ ಅಂಗಡಿಯವನಿಗೆ ಪಾಪ ಅನ್ನಿಸಿತು. ಎರಡು ಮಾತ್ರೆ ಕೊಟ್ಟ, ಒಂದು ನಡುಕ ತಗ್ಗಲಿಕ್ಕೆ, ಒಂದು ಚುರುಕಾಗಲಿಕ್ಕೆ. ವೇದಿಕೆ ಹತ್ತುವ ಮುಂಚೆ ಬರ್ನ್‌ಸ್ಟೈನ್ ಎರಡನ್ನೂ ತೆಗೆದು ಆಚೆ ಎಸೆದರು. ಏನಾಗುತ್ತದೋ ಅದು ನನ್ನಿಂದಲೇ ಆಗಲಿ ಅಂತ. ಮೈಮೇಲೆ ಇದ್ದದ್ದು ಮಾಮೂಲಿ ಬೂದು ಬಣ್ಣದ ಸೂಟು. ಕಂಡಕ್ಟರ್‌ಗಳು ಹಿಡಿಯುವ ಕಡ್ಡಿ ಕೈಯಲ್ಲಿಲ್ಲ, ಆಗೆಲ್ಲ ಅವರು ಬರಿಗೈಯಲ್ಲೇ ನಡೆಸುತ್ತಿದ್ದರು. ಮರುದಿನ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮುಖಪುಟದಲ್ಲಿ ಅವರ ಸುದ್ದಿ ಬಂತು. ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲದಲ್ಲಿ ಸಂಗೀತದ ಸುದ್ದಿ ಮುಖಪುಟದಲ್ಲಿ!

ಇಷ್ಟು ದೊಡ್ಡ ಹೆಸರು ಬಂದ ಮೇಲೆ ಯಾರಾದರೂ ಏನು ಮಾಡುತ್ತಾರೆ? ದೊಡ್ಡ ಸಂಬಳದ ಕಡೆ ನೋಡುತ್ತಾರೆ. ಇವರು 1945ರಲ್ಲಿ ನ್ಯೂಯಾರ್ಕ್ ಸಿಟಿ ಸಿಂಫನಿ ಅನ್ನುವ ಆರ್ಕೆಸ್ಟ್ರಾ ವಹಿಸಿಕೊಂಡರು. ನುಡಿಸುವವರು ಬಹುಪಾಲು ಎಳೆಯರು, ಟಿಕೆಟ್ ಅಗ್ಗ, ಬರ್ನ್‌ಸ್ಟೈನ್ ಸಂಬಳವನ್ನೇ ತೆಗೆದುಕೊಳ್ಳಲಿಲ್ಲ. ಹೊಸ ಸಂಗೀತ ಧಾರಾಳವಾಗಿ ನುಡಿಸಿದರು. ಕೆಲವೇ ವರ್ಷ ನಡೆಯಿತು, ದುಡ್ಡಿನ ತಾಪತ್ರಯಕ್ಕೆ ಬಿಟ್ಟರು.

ಈಗ ಚಾರ್ಲ್ಸ್ ಐವ್ಸ್ ಕತೆಗೆ ಬರುತ್ತೇನೆ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಒಂದು ದೇಶ ತನ್ನ ಸಂಗೀತವನ್ನು ಹೇಗೆ ಮೂಲೆಗೆ ತಳ್ಳಿರುತ್ತದೆ ಅನ್ನುವುದು ಇದರಲ್ಲಿ ಚೆನ್ನಾಗಿ ಕಾಣುತ್ತದೆ. ಐವ್ಸ್ ಹುಟ್ಟಿದ್ದು 1874ರಲ್ಲಿ, ಕನೆಕ್ಟಿಕಟ್‌ನ ಡ್ಯಾನ್‌ಬರಿಯಲ್ಲಿ. ಅಪ್ಪ ಊರಿನ ಬ್ಯಾಂಡ್ ನಡೆಸುತ್ತಿದ್ದರು. ಮಗ ಸಂಗೀತ ಕಲಿತ, ಆದರೆ ಹೊಟ್ಟೆಪಾಡಿಗೆ ನ್ಯೂಯಾರ್ಕ್‌ನಲ್ಲಿ ವಿಮೆ ಕೆಲಸ ಹಿಡಿದ, ಅದರಲ್ಲಿ ಬಹಳ ದುಡ್ಡೂ ಮಾಡಿದ. ಹಗಲು ವಿಮೆ, ರಾತ್ರಿ ಮತ್ತು ಭಾನುವಾರ ಸಂಗೀತ. ಸುಮಾರು 1900ರ ಆಸುಪಾಸಿನಲ್ಲಿ ತಮ್ಮ ಎರಡನೇ ಸಿಂಫನಿ ಬರೆದರು. ಸಿಂಫನಿ ಅಂದರೆ ಇಡೀ ಆರ್ಕೆಸ್ಟ್ರಾ ನುಡಿಸಲಿ ಅಂತ ಹಲವು ಭಾಗಗಳಲ್ಲಿ ಬರೆಯುವ ದೊಡ್ಡ ಕೃತಿ. ಅದರ ಒಳಗೆ ಏನಿದೆ ಗೊತ್ತಾ? ಒಂದು ಕಡೆ ಯುರೋಪಿನ ಹಿರಿಯರಾದ ಬ್ರಾಮ್ಸ್, ಬಾಖ್. ಅದರ ಪಕ್ಕದಲ್ಲೇ ಚರ್ಚಿನ ಭಜನೆಗಳು, ಹಳ್ಳಿಯ ಕುಣಿತದ ಪಿಟೀಲು, ಸ್ಟೀಫನ್ ಫೋಸ್ಟರ್‌ರ ಬೀದಿ ಹಾಡು, ಬ್ಯಾಂಡಿನವರ ದೇಶಭಕ್ತಿ ಗೀತೆ. ಅವರು ಬೆಳೆದ ಊರಿನ ಸದ್ದೆಲ್ಲ ಅಲ್ಲಿದೆ. ಯಾರೂ ನುಡಿಸಲಿಲ್ಲ. ಹತ್ತು ವರ್ಷ, ಇಪ್ಪತ್ತು ವರ್ಷ, ನಲವತ್ತು ವರ್ಷ. ಬರೆದವರು ಮುದುಕರಾದರು, ಬರೆಯುವುದನ್ನೇ ಬಿಟ್ಟರು.

1951ರ ಫೆಬ್ರವರಿ 22ರಂದು ಬರ್ನ್‌ಸ್ಟೈನ್ ಅದನ್ನು ಕಾರ್ನೆಗಿ ಹಾಲ್‌ನಲ್ಲಿ ಮೊದಲ ಸಲ ನುಡಿಸಿದರು. ಸುಮಾರು ಅರ್ಧ ಶತಮಾನ ಆದ ಮೇಲೆ. ಐವ್ಸ್‌ಗೆ ಆಗ 76. ಅವರು ಬರಲಿಲ್ಲ. ಹೆಂಡತಿ ಹಾರ್ಮನಿ ಬಂದು ಕೂತು ಕೇಳಿದರು, ಕೊನೆಯ ಚಪ್ಪಾಳೆಯನ್ನೂ ಕೇಳಿದರು. ಐವ್ಸ್ ಆಮೇಲೆ ರೇಡಿಯೋದಲ್ಲಿ ಪ್ರಸಾರ ಆದಾಗ ಕೇಳಿಸಿಕೊಂಡರು. ತಾನು ಇಪ್ಪತ್ತೈದರ ಆಸುಪಾಸಿನಲ್ಲಿ ಬರೆದದ್ದನ್ನು ಮುದುಕನಾಗಿ ಒಂದು ರೇಡಿಯೋ ಮುಂದೆ ಮೊದಲ ಸಲ ಕೇಳುವುದು ಅಂದರೆ ಹೇಗಿರಬಹುದು! ಮೂರು ವರ್ಷಕ್ಕೆ ಅವರು ತೀರಿಕೊಂಡರು.

ಈ ಸಿಂಫನಿಯ ಕೊನೇ ಭಾಗದ ಧ್ವನಿಮುದ್ರಣವನ್ನು ಈಗಷ್ಟೇ ಹಾಕಿದೆ, ಅದರ ಕೊನೇ ಸದ್ದು ನಿಮಗೆ ಕೇಳಿಸಿದೆ. ಎಲ್ಲ ಚೆನ್ನಾಗಿ ಸಾಗಿ, ದೇಶಭಕ್ತಿ ಗೀತೆ ಮೊಳಗಿ, ಇನ್ನೇನು ಮುಗಿಯಿತು ಅನ್ನುವಾಗ ಕರ್ಕಶವಾಗಿ ಬಡಿಯಿತಲ್ಲ, ಅದೇ. ಇರುವ 12 ಸ್ವರಗಳಲ್ಲಿ 11 ಒಟ್ಟಿಗೆ! ಕೆಲವರು ಇಲ್ಲಿ ಬೆಚ್ಚಿದ್ದನ್ನು ನೋಡಿದೆ. ಐವ್ಸ್‌ಗೆ ಅದು ಚಿಕ್ಕದಾಗಿ, ಫಟ್ ಅಂತ ಬೇಕಿತ್ತು. ಬರ್ನ್‌ಸ್ಟೈನ್ ಅದನ್ನು ಎಳೆದು ನಿಲ್ಲಿಸಿದರು. ಸಂಗೀತದ ಒಳಗೂ ಒಂದೆರಡು ಕಡೆ ಕತ್ತರಿ ಹಾಕಿದರು. ಐವ್ಸ್ ಬಗ್ಗೆ ಮಾತಾಡುವಾಗ ಶಾಲೆ ಕಾಣದ ಹಳ್ಳಿ ಪ್ರತಿಭೆ ಅನ್ನುವ ಧಾಟಿಯೂ ಅವರ ಮಾತಿನಲ್ಲಿತ್ತು. ಐವ್ಸ್ ಯೇಲ್‌ನಲ್ಲಿ ಓದಿದವರು, ಶಾಸ್ತ್ರ ಚೆನ್ನಾಗಿಯೇ ಬಲ್ಲವರು. ಇದಕ್ಕೆ ವಿದ್ವಾಂಸರು ಬರ್ನ್‌ಸ್ಟೈನ್‌ರನ್ನು ಬೈದಿದ್ದಾರೆ. ಬೈದದ್ದು ಸರಿ. ಆದರೂ ಐವತ್ತು ವರ್ಷ ಮುಚ್ಚಿದ್ದ ಬಾಗಿಲನ್ನು ತಳ್ಳಿದವರು ಅವರೇ ಅನ್ನುವುದನ್ನು ನಾನು ಮರೆಯಲಾರೆ.

ಇಷ್ಟರಲ್ಲಿ ಟೀವಿ ಬಂತು. 1954ರಲ್ಲಿ ಒಂದು ಕಾರ್ಯಕ್ರಮದಲ್ಲಿ ಬರ್ನ್‌ಸ್ಟೈನ್ ಬೀಥೋವನ್‌ರ ಐದನೇ ಸಿಂಫನಿ ವಿವರಿಸಿದರು. ತಾರೀಖು ನಂಬುತ್ತೀರೋ ಇಲ್ಲವೋ, ನವೆಂಬರ್ 14. ಸ್ಟುಡಿಯೋದ ನೆಲದ ತುಂಬಾ ಆ ಸಿಂಫನಿಯ ಮೊದಲ ಪುಟವನ್ನು ದೊಡ್ಡದಾಗಿ ಬರೆಸಿದ್ದರು. ಯಾವ ವಾದ್ಯಕ್ಕೆ ಯಾವ ಸಾಲೋ ಆ ಸಾಲಿನ ಮೇಲೆ ವಾದ್ಯ ಹಿಡಿದವರನ್ನೇ ನಿಲ್ಲಿಸಿದರು. ಆಮೇಲೆ, ಬೀಥೋವನ್ ಶುರುವಿಗೆ ಇವರನ್ನು ಬಳಸಲಿಲ್ಲ, ನೀವು ಹೋಗಿ, ನೀವೂ ಹೋಗಿ ಅಂತ ಒಬ್ಬೊಬ್ಬರನ್ನೇ ಕಳಿಸಿದರು. ಕೊನೆಗೆ ತಂತಿ ವಾದ್ಯದವರು ಮತ್ತು ಕ್ಲಾರಿನೆಟ್‌ನವರು ಮಾತ್ರ ನಿಂತಿದ್ದರು. ಸ್ವರಲಿಪಿ ಓದಲು ಬಾರದವರಿಗೂ ಒಂದು ಕ್ಷಣದಲ್ಲಿ ಅರ್ಥವಾಯಿತು. ಹೇಳುವುದಕ್ಕಿಂತ ತೋರಿಸುವುದು ಅವರ ಕ್ರಮ.

1958-59ರ ಋತುವಿನಿಂದ ಬರ್ನ್‌ಸ್ಟೈನ್ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್‌ನ ಸಂಗೀತ ನಿರ್ದೇಶಕರಾದರು. ಅಮೆರಿಕದಲ್ಲೇ ಹುಟ್ಟಿ, ಅಲ್ಲೇ ಕಲಿತು ಆ ಸ್ಥಾನಕ್ಕೆ ಬಂದವರಲ್ಲಿ ಅವರೇ ಮೊದಲಿಗರು. ಅಲ್ಲಿಯವರೆಗೆ ಆ ಜಾಗಕ್ಕೆ ಹಡಗಿನಲ್ಲಿ ಬಂದಿಳಿದವರೇ ಬೇಕಿತ್ತು. ಮೊದಲ ವರ್ಷವೇ ಅಮೆರಿಕದ ಸಂಗೀತವನ್ನು ಹಳೆಯ ತಲೆಮಾರಿನಿಂದ ಹಿಡಿದು ಸಾಲಾಗಿ ನುಡಿಸಿದರು. ಕೋಪ್‌ಲ್ಯಾಂಡ್ ಮಾತ್ರ ಅಲ್ಲ, ಯಾರೂ ಮುಟ್ಟದ ಚ್ಯಾಡ್ವಿಕ್, ಮೆಕ್‌ಡವೆಲ್ ಕೂಡ. ಗುರುವಾರದ ಕಚೇರಿಗಳಲ್ಲಿ ಜನರ ಕಡೆ ತಿರುಗಿ ಮಾತಾಡುವುದನ್ನೂ ಶುರು ಮಾಡಿದರು. ಕಂಡಕ್ಟರ್ ಬೆನ್ನು ಮಾತ್ರ ನೋಡಿ ಅಭ್ಯಾಸವಿದ್ದ ಕೆಲವರಿಗೆ ಅದು ಹಿಡಿಸಲಿಲ್ಲ. ಬಾಯಿ ಜಾಸ್ತಿ, ಕುಣಿತ ಜಾಸ್ತಿ ಅಂತ ವಿಮರ್ಶಕರು ಬರೆದರು.

ಈಗ ಮತ್ತೆ ಆ ಜನವರಿಯ ಶನಿವಾರಕ್ಕೆ ಹೋಗೋಣ. ಮಕ್ಕಳಿಗಾಗಿ ಕಚೇರಿ ಮಾಡುವ ಪದ್ಧತಿ ಆ ಆರ್ಕೆಸ್ಟ್ರಾದಲ್ಲಿ 1920ರ ದಶಕದಿಂದಲೂ ಇತ್ತು. ಬರ್ನ್‌ಸ್ಟೈನ್ ಮಾಡಿದ್ದು ಏನೆಂದರೆ ಅದನ್ನು ಟೀವಿಗೆ ತಂದರು, ಮತ್ತು ಮಕ್ಕಳನ್ನು ಮಕ್ಕಳ ಹಾಗೆ ನಡೆಸಿಕೊಳ್ಳುವುದನ್ನು ಬಿಟ್ಟರು. 1958ರಿಂದ 1972ರವರೆಗೆ 53 ಕಾರ್ಯಕ್ರಮ. ಬರಹ ಎಲ್ಲ ಅವರದೇ, ಹಳದಿ ಹಾಳೆಗಳ ಮೇಲೆ ಪೆನ್ಸಿಲ್‌ನಲ್ಲಿ. ವಿಷಯಗಳನ್ನು ನೋಡಿ: ಸೊನಾಟಾ ರಚನೆ ಅಂದರೇನು, ಸ್ವರಾಂತರ ಅಂದರೇನು, ಗುಸ್ತಾವ್ ಮಾಹ್ಲರ್ ಯಾರು. 1960ರಲ್ಲಿ ಮಾಹ್ಲರ್ ಸಂಗೀತವನ್ನು ದೊಡ್ಡವರೇ ಸರಿಯಾಗಿ ಕೇಳುತ್ತಿರಲಿಲ್ಲ, ಇವರು ಮಕ್ಕಳ ಮುಂದೆ ಇಟ್ಟರು. 1964ರಲ್ಲಿ ಬೀಟಲ್ಸ್ ಹುಚ್ಚು ಅಮೆರಿಕಕ್ಕೆ ಬಂದಾಗ ಅವರದೊಂದು ಹಾಡನ್ನು ಪಿಯಾನೋ ಮುಂದೆ ಕೂತು ತಾವೇ ಹಾಡಿ, ಈ ಹಾಡಿನ ಕಟ್ಟು ನೋಡಿ, ಮೊಜಾರ್ಟ್ ಕಟ್ಟುವುದೂ ಇಂಥದ್ದರ ಮೇಲೆಯೇ ಅಂತ ತೋರಿಸಿದರು.

ಮೊದಲ ಕಾರ್ಯಕ್ರಮದ ಇನ್ನೊಂದು ತುಣುಕು ಹೇಳದೆ ಇರಲಾರೆ. ಒಂದು ಕತೆ ಹೇಳುತ್ತೇನೆ ಅಂದರು. ತಪ್ಪು ಮಾಡದ ಒಬ್ಬ ಜೈಲಿನಲ್ಲಿದ್ದಾನೆ, ಅವನ ಗೆಳೆಯ ಸೂಪರ್‌ಮ್ಯಾನ್ ಬಿಡಿಸಲು ಬರುತ್ತಾನೆ, ಒಳಗೆ ಕೈದಿಗಳೆಲ್ಲ ಗೊರಕೆ ಹೊಡೆಯುತ್ತಿದ್ದಾರೆ. ಆರ್ಕೆಸ್ಟ್ರಾ ನುಡಿಸುತ್ತದೆ, ಹಿತ್ತಾಳೆ ವಾದ್ಯಗಳಿಂದ ಥೇಟ್ ಗೊರಕೆ ಸದ್ದು. ಮಕ್ಕಳಿಗೆ ಖುಷಿ. ಆಮೇಲೆ ಅಂದರು, ಇದು ನಾನು ಕಟ್ಟಿದ ಕತೆ, ಬರೆದವರು ಅಂದುಕೊಂಡದ್ದೇ ಬೇರೆ. ಅದು ಡಾನ್ ಕ್ವಿಕ್ಸೋಟ್ ಅನ್ನುವ ಮುದಿ ವೀರನ ಕತೆ, ಆ ಗೊರಕೆ ನಿಜವಾಗಿ ಕುರಿ ಮಂದೆಯ ಅರಚಾಟ. ಮತ್ತೆ ಅದನ್ನೇ ನುಡಿಸಿದರು. ಈಗ ಥೇಟ್ ಕುರಿಗಳು. ಸ್ವರ ಒಂದೂ ಬದಲಾಗಿಲ್ಲ. ಹಾಗಾದರೆ ಕತೆ ಸಂಗೀತದ ಒಳಗಿಲ್ಲ, ನಾವು ಹೊರಗಿಂದ ಅಂಟಿಸಿದ್ದು, ಅಲ್ವಾ? ತತ್ವಶಾಸ್ತ್ರದ ತರಗತಿಯಲ್ಲಿ ದಿನಗಟ್ಟಲೆ ಚರ್ಚೆ ಮಾಡುವ ವಿಷಯ ಅದು. ಎಂಟು ವರ್ಷದ ಮಗುವಿಗೆ ಕಿವಿಯಲ್ಲೇ ತಿಳಿದುಹೋಯಿತು. ಮತ್ತೆ ನೀವು ಗಮನಿಸಿದಿರಾ, ಇದು ಅದೇ 'ಡಾನ್ ಕ್ವಿಕ್ಸೋಟ್'. ಹದಿನಾಲ್ಕು ವರ್ಷದ ಹಿಂದೆ ಇದೇ ಹಾಲ್‌ನಲ್ಲಿ, ರಿಹರ್ಸಲ್ ಇಲ್ಲದೆ, ಮಾತ್ರೆ ಎಸೆದು ಬಂದು ನುಡಿಸಿದ್ದು.

ನಾನು ಈ ಕಾರ್ಯಕ್ರಮಗಳನ್ನು ಮೊದಲು ನೋಡಿದಾಗ ವಯಸ್ಸು ನಲವತ್ತು ದಾಟಿತ್ತು. ಕಪ್ಪು ಬಿಳುಪಿನ ಹಳೇ ಚಿತ್ರ. ಕ್ಯಾಮೆರಾ ಆಗಾಗ ಮಕ್ಕಳ ಮುಖಕ್ಕೆ ಹೋಗುತ್ತದೆ. ಒಬ್ಬ ಆಕಳಿಸುತ್ತಾನೆ. ಒಬ್ಬಳು ಬಾಯಿ ತೆರೆದು ಅಲ್ಲಾಡದೆ ಕೂತಿರುತ್ತಾಳೆ. ಆಕಳಿಸುವವನನ್ನು ಅವರು ತೆಗೆದುಹಾಕದೆ ಇಟ್ಟಿದ್ದಾರೆ ಅನ್ನುವುದೇ ನನಗೆ ತುಂಬಾ ಇಷ್ಟವಾಯಿತು.

ಎರಡನೇ ಕಾರ್ಯಕ್ರಮ ಎರಡು ವಾರ ಬಿಟ್ಟು, ಫೆಬ್ರವರಿ 1ಕ್ಕೆ. ಅಮೆರಿಕದ ಸಂಗೀತ ಅಮೆರಿಕದ್ದು ಅನ್ನಿಸುವುದು ಯಾವುದರಿಂದ ಅನ್ನುವುದು ಪ್ರಶ್ನೆ. ನಾನು ಹೇಳುತ್ತಿರುವ ಮಾತಿಗೆ ಸಾಕ್ಷಿ ಇಲ್ಲೇ ಇದೆ. ಬರ್ನ್‌ಸ್ಟೈನ್ ಅಲ್ಲಿ ತಮ್ಮ ದೇಶದ ಸಂಗೀತದ ಚರಿತ್ರೆಯನ್ನು ಹೇಳುವುದೇ ಒಂದು ಮಗು ಶಾಲೆಯಲ್ಲಿ ಮೇಲಿನ ತರಗತಿಗೆ ಹೋಗುವ ಹಾಗೆ. ಮೊದಲು ಶಿಶುವಿಹಾರ, ಯುರೋಪಿನವರು ಬರೆದದ್ದನ್ನು ನೋಡಿ ಹಾಗೇ ಬರೆಯುವ ಕಾಲ. ಆಮೇಲೆ ಡ್ವೋರ್ಷಾಕ್ ಅನ್ನುವ ಸಂಗೀತಕಾರ 1892ರಲ್ಲಿ ಯುರೋಪಿನ ಬೊಹೀಮಿಯಾದಿಂದ ನ್ಯೂಯಾರ್ಕ್‌ಗೆ ಬಂದು, ನಿಮ್ಮಲ್ಲೇ ಕಪ್ಪು ಜನರ ಹಾಡುಗಳಿವೆ, ಮೂಲನಿವಾಸಿಗಳ ಹಾಡುಗಳಿವೆ, ಅದನ್ನು ಬಿಟ್ಟು ನಮ್ಮನ್ನೇಕೆ ನೋಡುತ್ತೀರಿ ಅಂದರು. ಹುಡುಗ ಮುಂದಿನ ತರಗತಿಗೆ ಹೋದ, ಆ ಹಾಡುಗಳನ್ನು ಬೇಕಂತಲೇ ತಂದು ಅಂಟಿಸತೊಡಗಿದ. ಮೊದಲ ಮಹಾಯುದ್ಧದ ನಂತರ ಜಾಝ್ ಬಂತು. ಆಮೇಲೆ ಅಂಟಿಸುವ ಅಗತ್ಯವೇ ಇಲ್ಲದಾಯಿತು. ಜಾಝ್ ಕೇಳಿ ಬೆಳೆದವರು ಏನು ಬರೆದರೂ ಆ ತಾಳ ತಾನಾಗಿ ಒಳಗೆ ಬಂತು, ನಾವು ಮಾತಾಡುವಾಗ ನಮ್ಮ ಊರಿನ ರಾಗ ಬರುವ ಹಾಗೆ.

ಅವತ್ತು ನುಡಿಸಿದ ಒಂದು ಕೃತಿ ವಿಲಿಯಂ ಶೂಮನ್‌ರ 'ಅಮೆರಿಕನ್ ಫೆಸ್ಟಿವಲ್ ಓವರ್ಚರ್', 1939ರದ್ದು. ಜರ್ಮನಿಯ ಶೂಮನ್ ಬೇರೆ, ಇವರು ನ್ಯೂಯಾರ್ಕ್‌ನವರು. ಇವರು ಚಿಕ್ಕವರಿದ್ದಾಗ ಆಟಕ್ಕೆ ಗೆಳೆಯರನ್ನು ಕರೆಯಲು ಬೀದಿಯಲ್ಲಿ ನಿಂತು ವೀ-ಆ-ಕೀ ಅಂತ ಕೂಗುತ್ತಿದ್ದರಂತೆ. ಆ ಕೂಗಿನ ಮೂರು ಸ್ವರದಿಂದಲೇ ಇಡೀ ಆರ್ಕೆಸ್ಟ್ರಾ ಶುರುವಾಗುತ್ತದೆ. ದೇಶದ ಸಂಗೀತ ಅಂದರೆ ಧ್ವಜ, ಕವಾಯತು ಅಂತ ನಾವು ಅಂದುಕೊಳ್ಳುತ್ತೇವೆ. ಇಲ್ಲಿ ಅದು ಬೀದಿಯಲ್ಲಿ ಆಡುವ ಹುಡುಗನ ಕೂಗು. ಕಾರ್ಯಕ್ರಮದ ಕೊನೆಗೆ ಬರ್ನ್‌ಸ್ಟೈನ್ ಪಕ್ಕಕ್ಕೆ ಸರಿದು, ಕೋಪ್‌ಲ್ಯಾಂಡ್‌ರನ್ನೇ ಕರೆದು, ಅವರ ಮೂರನೇ ಸಿಂಫನಿಯ ಕೊನೇ ಭಾಗವನ್ನು ಅವರ ಕೈಯಲ್ಲೇ ನಡೆಸಿಸಿದರು. ಸಂಗೀತ ಬರೆಯುವವರು ಅಂದರೆ ಸತ್ತುಹೋದ ಯುರೋಪಿನವರು ಅಂತ ತಿಳಿದಿದ್ದ ಮಕ್ಕಳ ಮುಂದೆ ಕನ್ನಡಕ ಹಾಕಿದ, ತೆಳ್ಳಗಿನ, ಜೀವಂತ ಮನುಷ್ಯ ಬಂದು ನಿಂತರು.

ಕಲಿಸುವುದಷ್ಟೇ ಅಲ್ಲ, ಎಳೆಯರಿಗೆ ಜಾಗವನ್ನೂ ಕೊಟ್ಟರು. 1963ರ ಜನವರಿಯಲ್ಲಿ 16 ವರ್ಷದ ಆಂದ್ರೆ ವಾಟ್ಸ್ ಈ ಮಕ್ಕಳ ಕಚೇರಿಯಲ್ಲಿ ಲಿಸ್ಟ್‌ರ ಪಿಯಾನೋ ಕಾಂಚೆರ್ಟೊ ನುಡಿಸಿದ. ಅಪ್ಪ ಕಪ್ಪು ಅಮೆರಿಕನ್ ಸೈನಿಕ, ಅಮ್ಮ ಹಂಗೇರಿಯವರು. ಅದೇ ತಿಂಗಳ ಕೊನೆಗೆ, ಕಚೇರಿಯಲ್ಲಿ ನುಡಿಸಬೇಕಿದ್ದ ಪಿಯಾನೋ ವಾದಕ ಗ್ಲೆನ್ ಗೂಲ್ಡ್‌ಗೆ ಹುಷಾರು ತಪ್ಪಿತು. ಯಾರನ್ನು ಕರೆಯುವುದು? ಬರ್ನ್‌ಸ್ಟೈನ್ ಈ ಹುಡುಗನನ್ನೇ ಕರೆದು ದೊಡ್ಡವರ ಕಚೇರಿಯಲ್ಲಿ ಕೂರಿಸಿದರು. ಒಂದು ಫ್ಲೂ ಜ್ವರದಿಂದ ತನಗೆ ಸಿಕ್ಕ ಬಾಗಿಲು ಅವರಿಗೆ ಮರೆತಿರಲಿಲ್ಲ ಅನ್ನಿಸುತ್ತದೆ.

ಇಲ್ಲಿ ಒಂದು ಕಹಿ ಮಾತನ್ನೂ ಹೇಳಲೇಬೇಕು. ಕಪ್ಪು ಜನರ ಸಂಗೀತವೇ ನಮ್ಮ ಬೇರು ಅಂತ 1939ರಲ್ಲಿ ಬರೆದವರು ಇವರು. ಕಪ್ಪು ಸಂಗೀತಗಾರರಿಗೆ ಅವಕಾಶ ಸಿಗುತ್ತಿಲ್ಲ ಅಂತ 1947ರಲ್ಲಿ ಪತ್ರಿಕೆಯಲ್ಲಿ ಬರೆದವರೂ ಇವರೇ. ಆದರೆ ಅವರ ಆರ್ಕೆಸ್ಟ್ರಾದಲ್ಲಿ 1962ರವರೆಗೆ ಒಬ್ಬ ಕಪ್ಪು ಕಾಯಂ ಸದಸ್ಯರೂ ಇರಲಿಲ್ಲ. 1969ರಲ್ಲಿ ಇಬ್ಬರು ಕಪ್ಪು ವಾದ್ಯಗಾರರು ನಗರದ ಮಾನವ ಹಕ್ಕು ಆಯೋಗಕ್ಕೆ ದೂರು ಕೊಟ್ಟರು. ಆಗಲೂ ಇದ್ದದ್ದು ಒಬ್ಬರೇ. ಕಾಯಂ ನೇಮಕದಲ್ಲಿ ಇವರಿಬ್ಬರಿಗೆ ಭೇದ ಮಾಡಿಲ್ಲ, ಆದರೆ ಬದಲಿ ವಾದ್ಯಗಾರರನ್ನು ಕರೆಯುವ ರೀತಿಯಲ್ಲಿ ಭೇದ ಇದೆ ಅಂತ ಆಯೋಗ ಹೇಳಿತು. ಸಂಗೀತವನ್ನು ಒಳಗೆ ಕರೆದು ಅದನ್ನು ಕೊಟ್ಟವರನ್ನು ಹೊರಗೇ ನಿಲ್ಲಿಸಿದ ಹಾಗಾಯಿತು. ಇನ್ನೊಂದು, ಅವರು ಎತ್ತಿ ಹಿಡಿದ ಅಮೆರಿಕದ ಪಟ್ಟಿಯಲ್ಲಿ ಅವರ ಗೆಳೆಯರೇ ಜಾಸ್ತಿ. ಅವರನ್ನು ಪ್ರೀತಿಸುವ ನಮ್ಮಂಥವರು ಇದನ್ನು ಮುಚ್ಚಿಡಬಾರದು.

1969ರಲ್ಲಿ ಫಿಲ್‌ಹಾರ್ಮೋನಿಕ್ ಹುದ್ದೆ ಬಿಟ್ಟರು. ಆಮೇಲೆ ವಿಯೆನ್ನಾ, ಬರ್ಲಿನ್, ಲಂಡನ್ ಅಂತ ಸುತ್ತಾಟ. ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ. 1985ರಲ್ಲಿ, ಅಣುಬಾಂಬ್ ಬಿದ್ದು 40 ವರ್ಷ ಆದಾಗ, ಯುರೋಪಿನ ಯುವ ಆರ್ಕೆಸ್ಟ್ರಾ ಕರೆದುಕೊಂಡು ಹಿರೋಶಿಮಾಕ್ಕೆ ಹೋದರು. 1987ರಲ್ಲಿ ಉತ್ತರ ಜರ್ಮನಿಯ ಸಾಲ್ಸೌ ಅನ್ನುವಲ್ಲಿ ಯುವ ಸಂಗೀತಗಾರರಿಗೆ ಬೇಸಿಗೆ ಶಾಲೆ ಶುರು ಮಾಡಿಸಿದರು. 1990ರ ಬೇಸಿಗೆಯಲ್ಲಿ ಜಪಾನಿನ ಸಪ್ಪೊರೊದಲ್ಲಿ ಇನ್ನೊಂದು. ಅಷ್ಟರಲ್ಲಿ ಶ್ವಾಸಕೋಶ ಪೂರ್ತಿ ಹಾಳಾಗಿತ್ತು, ಸಿಗರೇಟು ಬಿಟ್ಟಿರಲಿಲ್ಲ. ಸಪ್ಪೊರೊದ ಉದ್ಘಾಟನೆಯ ದಿನ, ನನಗೆ ಉಳಿದಿರುವ ಸಮಯದಲ್ಲಿ ಏನು ಮಾಡಲಿ, ಪಿಯಾನೋ ನುಡಿಸಲಾ, ಬರೆಯಲಾ ಅಂತ ಯೋಚಿಸಿದೆ, ಎಳೆಯರಿಗೆ ಕಲಿಸುವುದು ಅಂತ ತೀರ್ಮಾನ ಮಾಡಿದೆ ಅನ್ನುವ ಅರ್ಥದ ಮಾತು ಹೇಳಿದರು. ರಾಬರ್ಟ್ ಶೂಮನ್‌ರ ಎರಡನೇ ಸಿಂಫನಿಯನ್ನು ಆ ಹುಡುಗರಿಗೆ ಹೇಳಿಕೊಟ್ಟ ರಿಹರ್ಸಲ್ ಚಿತ್ರಣ ಇದೆ, ಸಿಕ್ಕರೆ ನೋಡಿ. ಮಾತಾಡಲು ಉಸಿರು ಸಾಲದು, ಆದರೂ ಪ್ರತಿ ಸಾಲನ್ನೂ ಹಾಡಿ ತೋರಿಸುತ್ತಾರೆ. ಅಲ್ಲಿಂದ ಕಾಯಿಲೆ ಹೆಚ್ಚಾಗಿ ಅರ್ಧಕ್ಕೇ ವಾಪಸ್ ಬರಬೇಕಾಯಿತು.

ಬಂದದ್ದು ಟ್ಯಾಂಗಲ್‌ವುಡ್‌ಗೆ. ತಾವು ವಿದ್ಯಾರ್ಥಿಯಾಗಿ ಬಂದು 50 ವರ್ಷ ಆಗಿತ್ತು. ಆಗಸ್ಟ್ 19ರಂದು ಬಾಸ್ಟನ್ ಸಿಂಫನಿ ಜೊತೆ ಅವರ ಕೊನೆಯ ಕಚೇರಿ. ಬೀಥೋವನ್‌ರ ಏಳನೇ ಸಿಂಫನಿಯ ಮಧ್ಯದಲ್ಲಿ ಕೆಮ್ಮು ಬಂದು, ಹಿಂದಿನ ಕಂಬಿಗೆ ಒರಗಿ ನಿಂತರು. ಆರ್ಕೆಸ್ಟ್ರಾದವರು ನಿಲ್ಲಿಸದೆ ನುಡಿಸುತ್ತಾ ಹೋದರು. ಅಕ್ಟೋಬರ್ 14ಕ್ಕೆ ಅವರು ತೀರಿಕೊಂಡರು. ಏಳು ವಾರಕ್ಕೆ, ಡಿಸೆಂಬರ್ 2ಕ್ಕೆ, ಕೋಪ್‌ಲ್ಯಾಂಡ್ ಕೂಡ.

ಪುಸ್ತಕಗಳೆಲ್ಲ ಆ ಆಗಸ್ಟ್ 19ರ ಕಚೇರಿಯನ್ನೇ ಹೇಳುತ್ತವೆ. ನಾನು ಅದಕ್ಕಿಂತ ಐದು ದಿನ ಹಿಂದಕ್ಕೆ, ಆಗಸ್ಟ್ 14ಕ್ಕೆ ಹೋಗುತ್ತೇನೆ. ಅವತ್ತು ಅದೇ ಟ್ಯಾಂಗಲ್‌ವುಡ್‌ನಲ್ಲಿ ಅವರ ಮುಂದೆ ಕೂತಿದ್ದದ್ದು ವಿದ್ಯಾರ್ಥಿಗಳ ಆರ್ಕೆಸ್ಟ್ರಾ. ನುಡಿಸಿದ್ದು ಕೋಪ್‌ಲ್ಯಾಂಡ್‌ರ ಮೂರನೇ ಸಿಂಫನಿ. ಅದರ ಕೊನೇ ಭಾಗ ಹೇಗೆ ಶುರುವಾಗುತ್ತದೆ ಅಂದರೆ, ಕೊಳಲು ಮತ್ತು ಕ್ಲಾರಿನೆಟ್ ಇಷ್ಟೇ ಇಷ್ಟು ಮೆಲ್ಲಗೆ, ದೂರದಲ್ಲಿ ಯಾರೋ ಗುನುಗಿದ ಹಾಗೆ ಒಂದು ರಾಗ ಎತ್ತುತ್ತವೆ. ಕೋಪ್‌ಲ್ಯಾಂಡ್ ಯುದ್ಧದ ಕಾಲದಲ್ಲಿ ಸಾಮಾನ್ಯ ಜನರಿಗಾಗಿ ಬರೆದ ರಾಗ ಅದು. ಆಮೇಲೆ ಒಮ್ಮೆಲೇ ಡೋಲು, ಟ್ರಂಪೆಟ್, ಹಾರ್ನ್ ಎಲ್ಲ ಎದ್ದು ಅದನ್ನೇ ಎತ್ತಿಕೊಳ್ಳುತ್ತವೆ. ಬನ್ನಿ, ಅದನ್ನೊಮ್ಮೆ ಕೇಳೋಣ.